ಕೋಟೆಯೊಳಗೊಂದು ಬ್ಲೌಸ್ ಚೀಟಿ

ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಎರಡು ಯುದ್ಧ ನಡೆಯುತ್ತಿವೆ. ಒಂದು ಚಿತ್ರದುರ್ಗದಲ್ಲಿ. ಇನ್ನೊಂದು ಮಿಡ್ಲ್ ಅರ್ಥ್ ಅನ್ನೋ ಕಡೆ, ಅದು ಒಂದು ಇಂಗ್ಲಿಷ್ ಪುಸ್ತಕದ ನಕಾಶೆ ಬಿಟ್ಟರೆ ಬೇರೆಲ್ಲೂ ಸಿಗದ ಜಾಗ. ಎರಡೂ ಕಡೆಗೆ ನಾನೇ ಹೋಗಿ ಬರಬೇಕು. ನಡುವೆ ಅಡುಗೆ, ಆಫೀಸು, ನೀರಿನ ಮೋಟಾರು ಆನ್ ಮಾಡೋದು, ಆಫ್ ಮಾಡೋದು ಮರೆಯೋದು.

ಶುರು ಮಾಡಿದ್ದು ಮಗಳು. "ಅಮ್ಮ, ಸುಮ್ನೆ ಸೀರಿಯಲ್ ನೋಡ್ಬೇಡ, ಇದನ್ನ ಓದು" ಅಂತ ಟೋಲ್ಕಿನ್ ಬರೆದ 'ಲಾರ್ಡ್ ಆಫ್ ದಿ ರಿಂಗ್ಸ್' ಅನ್ನು ನನ್ನ ಫೋನಿಗೆ ಹಾಕಿಕೊಟ್ಟಳು. 1954-55ರಲ್ಲಿ ಮೂರು ಭಾಗವಾಗಿ ಬಂದ ಪುಸ್ತಕವಂತೆ. ಫೋನಿನಲ್ಲಿ ಅದರ ದಪ್ಪ ಗೊತ್ತಾಗಲಿಲ್ಲ, ಹಾಗಾಗಿ ಒಪ್ಪಿಕೊಂಡೆ. ಅದೇ ವಾರ ನಮ್ಮ ಏರಿಯಾದ ಲೈಬ್ರರಿಯಲ್ಲಿ ಚಿತ್ರದುರ್ಗದ ನಾಯಕರ ಮೇಲೆ ತ.ರಾ.ಸು. ಬರೆದ ಕಾದಂಬರಿ 'ದುರ್ಗಾಸ್ತಮಾನ' ಸಿಕ್ಕಿತು. ಅದರ ದಪ್ಪ ಚೆನ್ನಾಗಿ ಗೊತ್ತಾಯಿತು, ಆದರೂ ತಂದೆ. ಹಿಂದೆ ಗಳಗನಾಥರು ತಮ್ಮ ಐತಿಹಾಸಿಕ ಕಾದಂಬರಿಗಳನ್ನು ತಲೆ ಮೇಲೆ ಹೊತ್ತುಕೊಂಡು ಊರೂರು ತಿರುಗಿ ಮಾರುತ್ತಿದ್ದರಂತೆ. ನಾನು ಒಂದೇ ಒಂದು ಪುಸ್ತಕವನ್ನು ವ್ಯಾನಿಟಿ ಬ್ಯಾಗಿನಲ್ಲಿ ಹೊತ್ತಿದ್ದಕ್ಕೆ ಎಡಗಡೆ ಭುಜ ಇಳಿದು ಹೋಯಿತು.

ಮೊದಲ ತೊಂದರೆ ಹೆಸರುಗಳದ್ದು. ಉಂಗುರದ ಕಥೆಯಲ್ಲಿ ಸೌರಾನ್ ಅಂತ ಒಬ್ಬ, ಸರುಮಾನ್ ಅಂತ ಇನ್ನೊಬ್ಬ. ಇಬ್ಬರೂ ಕೆಟ್ಟವರು, ಇಬ್ಬರಿಗೂ ಗೋಪುರ ಇದೆ. ನಮ್ಮ ಆಫೀಸಿನಲ್ಲಿ ಸುರೇಶ್, ಸುರೇಂದ್ರ ಅಂತ ಇದ್ದಾರೆ. ಹದಿನಾಲ್ಕು ವರ್ಷವಾದರೂ ಇವರ ಫೈಲನ್ನು ಅವರ ಟೇಬಲ್ಲಿಗೇ ಇಡುತ್ತೇನೆ. ಇನ್ನು ಇವರು ಹೇಗೆ ನೆನಪಿರಬೇಕು?

ದುರ್ಗದಲ್ಲಾದರೂ ನಮ್ಮ ಜನ, ಸುಲಭ ಅಂದುಕೊಂಡಿದ್ದೆ. ಮದಕರಿ ನಾಯಕ ಅಂದರೆ ಒಬ್ಬನೇ ಅಂತಲೇ ಶಾಲೆಯಿಂದ ನನ್ನ ನಂಬಿಕೆ. ನೋಡಿದರೆ ಆ ಮನೆತನದಲ್ಲಿ ಅದೇ ಹೆಸರಿನವರು ಹಲವರು. ಹೈದರಾಲಿಯ ಎದುರು ನಿಂತವನನ್ನು ಐದನೆಯವನು ಅಂತ ಲೆಕ್ಕ ಹಾಕುತ್ತಾರೆ. ನಡುವೆ ಓಬಣ್ಣ, ಕಸ್ತೂರಿ ರಂಗಪ್ಪ, ಭರಮಪ್ಪ. ತಲೆ ಕೆಟ್ಟು, ಕೈಗೆ ಸಿಕ್ಕ ಅಡುಗೆಮನೆ ಕ್ಯಾಲೆಂಡರಿನ ಮನೆಗಳಲ್ಲೇ 'ಮ-2', 'ಮ-5' ಅಂತ ವಂಶಾವಳಿ ಬರೆದುಕೊಂಡೆ. ಅದು ಅತ್ತೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರು. ತಿಂಗಳ ಕೊನೆಗೆ ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನಿಂತರು. "ಏನಮ್ಮಾ, ಹದಿನೆಂಟನೇ ತಾರೀಕು ಐದು ಲೀಟರ್ ಹಾಲು ಯಾಕೆ ತಗೊಂಡ್ವಿ? ಯಾರು ಬಂದಿದ್ರು?"

ಮದಕರಿ ನಾಯಕರು ಬಂದಿದ್ದರು ಅನ್ನಲಾಗುತ್ತದೆಯೇ? ಹೆಪ್ಪು ಹಾಕೋಕೆ ಅಂದೆ.

ಅತ್ತೆಗೆ ಉಂಗುರದ ಕಥೆಯನ್ನು ರಾತ್ರಿ ಸೊಪ್ಪು ಬಿಡಿಸುತ್ತಾ ಕಂತಿನ ಮೇಲೆ ಹೇಳುತ್ತಿದ್ದೆ. ಹಾಬಿಟ್ ಅನ್ನೋ ಕುಳ್ಳ ಜನ ಸಿಕ್ಕಿದರೆ ದಿನಕ್ಕೆ ಆರು ಸಲ ಊಟ ಮಾಡುತ್ತಾರೆ ಅಂದಾಗ ಅವರಿಗೆ ಆ ಜನದ ಮೇಲೆ ಗೌರವ ಹುಟ್ಟಿತು. ಸ್ಯಾಮ್ ಅನ್ನೋ ಹುಡುಗ ಅಂಥ ಭಯಂಕರ ಪ್ರಯಾಣಕ್ಕೂ ಪಾತ್ರೆ ಹೊತ್ತುಕೊಂಡು, ಪುಟ್ಟ ಡಬ್ಬಿಯಲ್ಲಿ ಉಪ್ಪು ಕಟ್ಟಿಕೊಂಡು ಹೋಗಿರುತ್ತಾನೆ. ಅದನ್ನು ಹೇಳಿದ್ದೇ ತಪ್ಪಾಯಿತು. ಮಾರನೇ ದಿನ ನನ್ನ ಸಾರಿಗೆ ಉಪ್ಪು ಬಿದ್ದಿರಲಿಲ್ಲ. ಅತ್ತೆ ಒಂದು ತುತ್ತು ತಿಂದು ತಟ್ಟೆ ನೋಡುತ್ತಾ ಹೇಳಿದರು, "ಯುದ್ಧಕ್ಕೆ ಹೋದ ಹುಡುಗನಿಗೆ ನೆನಪಿರುತ್ತೆ. ಮನೇಲಿರೋರಿಗೆ ಇರಲ್ಲ."

ಇನ್ನೊಂದು ರಾತ್ರಿ, ಸೌರಾನ್ ತನ್ನ ಶಕ್ತಿಯನ್ನು ಆ ಉಂಗುರದಲ್ಲಿ ಇಟ್ಟಿದ್ದಾನೆ, ಅದು ನಾಶವಾದರೆ ಅವನ ಕಥೆಯೂ ಮುಗಿಯುತ್ತೆ ಅಂದೆ. ಮಗಳೂ ಪಕ್ಕದಲ್ಲಿ ಕೂತಿದ್ದಳು. ಅತ್ತೆ ಸೊಪ್ಪಿನ ದಂಟು ಮುರಿಯುತ್ತಾ, "ಇದು ನಮ್ಮಜ್ಜಿ ಹೇಳ್ತಿದ್ದ ಗಿಳಿ ಕಥೆ ಅಲ್ವಾ?" ಅಂದರು. "ಏಳು ಸಮುದ್ರದಾಚೆ ಮರ, ಮರದಲ್ಲಿ ಗಿಳಿ, ಗಿಳಿಯೊಳಗೆ ರಾಕ್ಷಸನ ಪ್ರಾಣ. ಇವನು ಗಿಳಿ ಬದಲು ಉಂಗುರ ಇಟ್ಕೊಂಡಿದ್ದಾನೆ. ಕೊನೆಗೆ ಕತ್ತು ಮುರೀತಾರೆ ಬಿಡು."

ಮಗಳು ಅಜ್ಜಿಯನ್ನೇ ನೋಡಿದಳು. "ಅಜ್ಜಿ, ಸಾವಿರ ಪುಟದ ಕಥೆ ಅದು!"

"ಹೌದಾ? ನಮ್ಮಜ್ಜಿ ಅನ್ನ ಬೇಯೋದ್ರೊಳಗೆ ಹೇಳಿ ಮುಗಿಸ್ತಿದ್ಲು."

ಇಲ್ಲಿಗೆ ನನ್ನ ಫ್ಯಾಂಟಸಿಯ ಕೊನೆ ಗೊತ್ತಾದ ಹಾಗಾಯಿತು. ಚಿತ್ರದುರ್ಗದ ಕೊನೆ ಮೊದಲೇ ಗೊತ್ತಿತ್ತು. 1779ರಲ್ಲಿ ಕೋಟೆ ಹೈದರನ ಕೈ ಸೇರಿತು, ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಗೊತ್ತಿಲ್ಲದವರಿಗೂ ಅನುಕೂಲವಾಗಲಿ ಅಂತ ತ.ರಾ.ಸು. ಪುಸ್ತಕದ ಹೆಸರಿನಲ್ಲೇ 'ಅಸ್ತಮಾನ' ಅಂತ ಬರೆದಿದ್ದಾರೆ. ಮುಖಪುಟದಲ್ಲೇ ಕೊನೆ ಹೇಳಿದ ಮೇಲೂ ನನಗೆ ಒಳಗೊಳಗೇ ಒಂದು ಆಸೆ. ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ ಅವನು. ಒಂದು ಕಾಲಕ್ಕೆ ಹೈದರನ ದಂಡಯಾತ್ರೆಗಳಲ್ಲಿ ಅವನ ಪಕ್ಕಕ್ಕೆ ನಿಂತಿದ್ದವನು. ಕೋಟೆ ನೋಡಿದರೆ ಏಳು ಸುತ್ತಿನದು. ಬಂಡೆಗೆ ಬಂಡೆ ಸೇರಿಸಿ ಕಟ್ಟಿದ್ದು, ಒಳಗೆ ನೀರಿನ ಹೊಂಡಗಳು, ಮದ್ದು ಅರೆಯೋಕೆ ದೊಡ್ಡ ಬೀಸುವ ಕಲ್ಲು. ಹೋದ ಮಳೆಗಾಲದಲ್ಲಿ ನಾವು ಹೋಗಿದ್ದಾಗ ಟಿಕೆಟ್ ಇಟ್ಟುಕೊಂಡು ಒಳಗೆ ಹೋಗೋಕೇ ನಮ್ಮೆಜಮಾನರಿಗೆ ಏದುಸಿರು ಬಂದಿತ್ತು. ಹೈದರ್ ಹೇಗೆ ಹತ್ತುತ್ತಾನೆ?

ಓಬವ್ವನ ಕಿಂಡಿಯ ಹತ್ತಿರ ಆವತ್ತು ನಾನೊಂದು ವಿಷಯ ಗಮನಿಸಿದೆ. ಶಾಲೆಯಲ್ಲಿ ನಮಗೆ ಒನಕೆಯ ಬಗ್ಗೆಯೇ ಹೇಳಿದ್ದರು. ಆದರೆ ಕಥೆ ಶುರುವಾಗೋದು ಎಲ್ಲಿಂದ? ಕಾವಲಿನ ಗಂಡ ಊಟಕ್ಕೆ ಅಂತ ಮನೆಗೆ ಬಂದು ಕೂತಿದ್ದಾನೆ, ಮನೆಯಲ್ಲಿ ಕುಡಿಯೋ ನೀರಿಲ್ಲ. ಅವಳು ನೀರಿಗೆ ಹೋದದ್ದಕ್ಕೆ ಕಿಂಡಿಯಲ್ಲಿ ನುಸುಳುವವರು ಕಂಡರು. ಗಂಡನೇ ಎದ್ದು ತರಲಿಲ್ಲ ಅನ್ನೋದನ್ನು ನಾನು ನಮ್ಮೆಜಮಾನರಿಗೆ ತೋರಿಸಿ ಹೇಳಿದೆ. ಅವರು ಎಳನೀರು ಕುಡಿಯುತ್ತಿದ್ದರು. "ಅವನು ಎದ್ದಿದ್ರೆ ಇತಿಹಾಸವೇ ಆಗ್ತಿರ್ಲಿಲ್ಲ ಕಣೆ" ಅಂದರು.

ಇಂಥವರು ಮುಂದೆ ನನಗೆ ಮಾಡಿದ ಉಪಕಾರ ಕೇಳಿ.

ನಾದಿನಿ ಮಗಳ ಮದುವೆಗೆ ಹಸಿರು ರೇಷ್ಮೆ ಸೀರೆಯ ಬ್ಲೌಸ್ ಹೊಲಿಯೋಕೆ ಕೊಟ್ಟಿದ್ದೆ. ನಮ್ಮ ಟೈಲರ್ ಒಂದು ಚೀಟಿ ಕೊಡುತ್ತಾರೆ. ನಂಬರು, ತಾರೀಕು, ಬ್ಲೌಸಿನ ಬಟ್ಟೆಯಿಂದ ಕತ್ತರಿಸಿದ ಒಂದು ಬೆರಳಗಲದ ತುಂಡು, ಅದಕ್ಕೊಂದು ಸ್ಟೇಪ್ಲರ್ ಪಿನ್ನು. ನೋಡಲು ಬಾಲ ಇರುವ ಗಾಳಿಪಟದ ಹಾಗೆ. ಪುಸ್ತಕದಲ್ಲಿ ಗುರುತಿಗೆ ಇಡಲು ಅಷ್ಟು ಚೆಂದದ ವಸ್ತು ನಾನು ಬೇರೆ ಕಂಡಿಲ್ಲ. ಪುಟಗಳ ನಡುವಿನಿಂದ ಹಸಿರು ಬಾಲ ಇಣುಕುತ್ತಿತ್ತು.

ಆವತ್ತು ಆಫೀಸು ಮುಗಿಸಿ ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹತ್ತಿದೆ. ಸೀಟು ಸಿಕ್ಕಿತು, ಅದೇ ಅನಾಹುತ. ಹೈದರನ ಸೈನ್ಯ ದುರ್ಗದ ಸುತ್ತ ಬಂದು ಕೂತಿತ್ತು. ನಾನು ಬನಶಂಕರಿಯಲ್ಲಿ ಇಳಿಯಬೇಕು. ಯಾರೋ ಭುಜ ಮುಟ್ಟಿ, "ಮೇಡಂ, ಲಾಸ್ಟ್ ಸ್ಟಾಪು" ಅಂದಾಗ ತಲೆ ಎತ್ತಿದರೆ ರೇಷ್ಮೆ ಸಂಸ್ಥೆ. ಬನಶಂಕರಿಯಿಂದ ಎಣಿಸಿದೆ. ಜೆ.ಪಿ. ನಗರ, ಯಲಚೇನಹಳ್ಳಿ, ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ, ಇದು. ಸರಿಯಾಗಿ ಏಳು. ಏಳು ಸುತ್ತು ದಾಟಿದ್ದೆ, ಒಬ್ಬ ಕಾವಲಿನವನೂ ತಡೆದಿರಲಿಲ್ಲ.

ಮನೆಗೆ ಬಂದಾಗ ಎಂಟೂವರೆ. ಪುಸ್ತಕವನ್ನು ಟಿವಿ ಪಕ್ಕ ಇಟ್ಟು ಒಲೆ ಹಚ್ಚಿದೆ. ಆಮೇಲೆ ಎರಡು ದಿನ ಆಫೀಸಿನಲ್ಲಿ ಆಡಿಟ್. ಮೂರನೇ ದಿನ ನೋಡಿದರೆ ಟಿವಿ ಪಕ್ಕ ಪುಸ್ತಕವಿಲ್ಲ.

"ರೀ, ಇಲ್ಲಿದ್ದ ಪುಸ್ತಕ?"

"ಇವತ್ತಿಗೆ 15 ದಿನ ಆಗಿತ್ತಲ್ಲ, ಫೈನ್ ಬೀಳುತ್ತೆ ಅಂತ ವಾಕಿಂಗ್ ಹೋದಾಗ ವಾಪಸ್ ಕೊಟ್ಟು ಬಂದೆ."

ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಮೊದಲ ಸಲ, ನಾನು ಹೇಳದೆಯೇ ಒಂದು ಕೆಲಸ ಮಾಡಿದ್ದರು. ಬೈಯೋದು ಹೇಗೆ? ಮುಖ ಬೇರೆ ಅರಳಿಸಿಕೊಂಡು ನಿಂತಿದ್ದರು.

ಟೈಲರ್ ಹತ್ತಿರ ಓಡಿದೆ. ಮದುವೆ ಭಾನುವಾರ, ಆವತ್ತು ಶುಕ್ರವಾರ. "ಚೀಟಿ ಇಲ್ಲದೆ ಆಗಲ್ಲ ಮೇಡಂ. ಹೋದ ವಾರ ಒಬ್ಬರು ಹೀಗೇ ಹೇಳಿ ಇನ್ಯಾರದೋ ಬ್ಲೌಸ್ ತಗೊಂಡು ಹೋದ್ರು" ಅಂತ ಮೂಲೆ ಕಡೆ ಕೈ ತೋರಿಸಿದರು. ಅಲ್ಲಿ ಕೆಂಪು, ಹಳದಿ, ನೇರಳೆ ಬ್ಲೌಸುಗಳ ರಾಶಿ, ಯುದ್ಧ ಮುಗಿದ ಮೇಲಿನ ಬಯಲಿನ ಹಾಗೆ. ಹಸಿರೇ ಒಂದು ಇಪ್ಪತ್ತು ಇದ್ದವು. ಶ್ರಾವಣ ನೋಡಿ, ಊರಿಗೆಲ್ಲ ಮದುವೆ.

ಅಲ್ಲಿಂದ ಲೈಬ್ರರಿಗೆ. ಪುಸ್ತಕ ಕಪಾಟಿನಲ್ಲಿ ಇರಲಿಲ್ಲ. "ಬಂದ ಅರ್ಧ ಗಂಟೆಗೆ ಹೋಯ್ತು" ಅಂದರು ಅಲ್ಲಿದ್ದವರು. ನನ್ನ ಮುಖ ನೋಡಿ ಪಾಪ ಅನಿಸಿರಬೇಕು. "ದೂರ ಏನಿಲ್ಲ. ಎದುರುಗಡೆ ಪಾರ್ಕಲ್ಲಿ ನೋಡಿ, ಮಂಕಿ ಕ್ಯಾಪ್ ಹಾಕ್ಕೊಂಡಿರ್ತಾರೆ."

ಮಂಕಿ ಕ್ಯಾಪ್ ಹಾಕಿದವರು ಹೊಂಗೆ ಮರದ ಕೆಳಗಿನ ಬೆಂಚಿನಲ್ಲಿದ್ದರು. ತೊಡೆಯ ಮೇಲೆ ದುರ್ಗ. ಪುಟಗಳ ನಡುವೆ ನನ್ನ ಹಸಿರು ಬಾಲ.

"ಸರ್, ಅದರಲ್ಲಿ ನನ್ನದೊಂದು ಚೀಟಿ..."

"ಓ, ನಿಮ್ದಾ?" ಅಂತ ಸರಿದು ಜಾಗ ಕೊಟ್ಟರು. "ನಾನು ಇದ್ಯಾರೋ ಪುಣ್ಯಾತ್ಮರು ಗುರುತಿಗೇ ಅಂತ ಮಾಡಿಸಿಟ್ಟಿದ್ದಾರೆ ಅಂದ್ಕೊಂಡೆ. ನಾನೂ ಅದನ್ನೇ ಇಟ್ಕೊಂಡೆ. ಎಲ್ಲಿವರೆಗೆ ಬಂದಿತ್ತಮ್ಮಾ ನಿಮ್ದು?"

"ಮುತ್ತಿಗೆ ಹಾಕಿದ್ರು ಸರ್. ಅಷ್ಟರಲ್ಲಿ ನಮ್ಮೆಜಮಾನ್ರು ವಾಪಸ್ ಕೊಟ್ಬಿಟ್ರು."

"ಒಳ್ಳೇ ಕೆಲಸ ಮಾಡಿದ್ರು" ಅಂದರು ಅವರು.

ನನಗೆ ಅರ್ಥವಾಗಲಿಲ್ಲ.

"ನಮ್ದು ದುರ್ಗದ ಹತ್ತಿರ, ಹೊಳಲ್ಕೆರೆ ಕಡೆ. ಇದು ನಾಲ್ಕನೇ ಸಲ ನಾನು ತಗೊಂಡಿರೋದು. ಕೊನೇ ಭಾಗ ಒಂದು ಸಲಾನೂ ಓದಿಲ್ಲ. ಮುತ್ತಿಗೆ ಜೋರಾಗೋವರೆಗೆ ಓದ್ತೀನಿ, ಮುಚ್ಚಿ ವಾಪಸ್ ಕೊಡ್ತೀನಿ." ಪುಸ್ತಕದ ಮೇಲೆ ಅಂಗೈ ಇಟ್ಟರು. "ಅಲ್ಲಿವರೆಗೂ ಕೋಟೆ ನಮ್ದೇ ಅಲ್ವಾ?"

ಚೀಟಿ ತೆಗೆದುಕೊಟ್ಟರು. ಬದಲಿಗೆ ಗುರುತಿಗೆ ಏನಾದರೂ ಬೇಕಲ್ಲ ಅಂತ ನಾನು ಬ್ಯಾಗು ತಡಕಿ ಒಂದು ಬಸ್ ಟಿಕೆಟ್ ಕೊಟ್ಟೆ. ಅವರು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ಬಾಲ ಇಲ್ಲದ್ದಕ್ಕೆ ಸ್ವಲ್ಪ ಬೇಜಾರು ಮಾಡಿಕೊಂಡೇ ಒಳಗಿಟ್ಟರು.

ಟೈಲರ್ ಚೀಟಿ ತಗೊಂಡು ನಂಬರ್ ನೋಡಿದರು, ರಾಶಿಗೆ ಕೈ ಹಾಕಿ ಒಂದೇ ಸಲಕ್ಕೆ ನನ್ನ ಬ್ಲೌಸ್ ಎಳೆದರು. ಆಮೇಲೆ ಚೀಟಿಯನ್ನು ಹಿಂದೆ ತಿರುಗಿಸಿ ಹುಬ್ಬು ಗಂಟಿಕ್ಕಿದರು.

"ಮೇಡಂ, ಬೆಂಡೆಕಾಯಿ ಅರ್ಧ ಕೆ.ಜಿ., ಈಸಬ್‌ಗೋಲ್ ಒಂದು ಪೊಟ್ಟಣ. ಇದು ನಮ್ಮ ಅಂಗಡೀಲಿ ಸಿಗಲ್ಲ."

ಬ್ಲೌಸಿನ ತೋಳು ಬಿಗಿಯಾಗಿತ್ತು. ಮದುವೆಯಲ್ಲಿ ಅಕ್ಷತೆ ಹಾಕೋವಾಗ ಕೈ ಭುಜದಿಂದ ಮೇಲೆ ಹೋಗಲಿಲ್ಲ, ನಾನು ಹಾಕಿದ್ದೆಲ್ಲ ಮುಂದೆ ಕೂತಿದ್ದ ನಮ್ಮೆಜಮಾನರ ತಲೆಗೇ ಬಿತ್ತು. ಊಟದ ಹೊತ್ತಿನವರೆಗೂ ಅವರ ಕೂದಲಲ್ಲಿ ಅಕ್ಕಿ ಕಾಳುಗಳಿದ್ದವು. ಪುಸ್ತಕ ವಾಪಸ್ ಕೊಟ್ಟಿದ್ದಕ್ಕೆ ಅಷ್ಟಾದರೂ ಆಗಲಿ ಅಂತ ನಾನು ಹೇಳಲಿಲ್ಲ.

ಉಂಗುರ ನಾಶ ಮಾಡೋಕೆ ಹೊರಟ ಹಾಬಿಟ್ ಫ್ರೋಡೊ ಇನ್ನೂ ಬೆಂಕಿಯ ಬೆಟ್ಟ ಮುಟ್ಟಿಲ್ಲ. ನಡೆಯುತ್ತಲೇ ಇದ್ದಾನೆ. ಅತ್ತೆ ದಿನಾ ರಾತ್ರಿ "ಗಿಳಿ ಕತ್ತು ಮುರಿದ್ರಾ?" ಅಂತ ವಿಚಾರಿಸುತ್ತಾರೆ. 'ದುರ್ಗಾಸ್ತಮಾನ' ಹೋದ ವಾರ ಮತ್ತೆ ನನ್ನ ಕೈಗೆ ಬಂತು. ಬಸ್ ಟಿಕೆಟ್ ಒಳಗೇ ಇದೆ, ಮುತ್ತಿಗೆ ಶುರುವಾಗಿ ಸ್ವಲ್ಪ ಮುಂದಕ್ಕೆ. ನಾನೂ ಅಲ್ಲಿಗೆ ಬಂದು ಮೂರು ದಿನವಾಯಿತು. ಬುಧವಾರಕ್ಕೆ 15 ದಿನ ಮುಗಿಯುತ್ತೆ. ನೆನಪಿಸೋದೇ ಬೇಡ, ವಾಕಿಂಗ್ ಹೊರಡುವಾಗ ಕಣ್ಣಿಗೆ ಬೀಳಲಿ ಅಂತ ಪುಸ್ತಕವನ್ನು ನಮ್ಮೆಜಮಾನರ ಚಪ್ಪಲಿ ಸ್ಟ್ಯಾಂಡಿನ ಮೇಲೇ ಇಟ್ಟಿದ್ದೇನೆ.