ಟಾರ್ಚು ಆರಿರುವ ಹೊತ್ತು

ಅಂಗಡಿಯಲ್ಲಿ ಟಾರ್ಚು ಕೊಳ್ಳುವವರೆಲ್ಲ ಒಂದೇ ಪರೀಕ್ಷೆ ಮಾಡುತ್ತಾರೆ. ಸ್ವಿಚ್ ಒತ್ತಿ ಗೋಡೆಗೆ ಬಿಡುತ್ತಾರೆ. ಗೋಡೆ ತೀರಾ ಹತ್ತಿರವಾಯಿತೆಂದು ಮೆಟ್ಟಿಲಿಳಿದು ರಸ್ತೆಯಾಚೆಯ ತೆಂಗಿನಮರದ ತಲೆಗೆ ಬಿಡುತ್ತಾರೆ. ಅಲ್ಲಿ ಬೆಳಕು ಬಿದ್ದರೆ ಟಾರ್ಚು ಪಾಸು. ಮಟಮಟ ಮಧ್ಯಾಹ್ನದಲ್ಲೂ ಈ ಪರೀಕ್ಷೆ ನಡೆಯುವುದನ್ನು ಉಡುಪಿಯಲ್ಲಿ ನೋಡಿದ್ದೇನೆ.

"ಬೋಟಿನಲ್ಲಿ ತೆಂಗಿನಮರ ಎಲ್ಲುಂಟು ಮಾರಾಯ?" ಎಂದು ನನ್ನ ಭಾವ ಕೇಳುತ್ತಾರೆ. ಅವರು ಮಲ್ಪೆಯಲ್ಲಿ ತಂಡೇಲರು, ಆಳಸಮುದ್ರದ ಟ್ರಾಲ್ ಬೋಟು ನಡೆಸುವವರು. ಒಮ್ಮೆ ಬಂದರು ಬಿಟ್ಟರೆ ಹತ್ತು-ಹನ್ನೆರಡು ದಿನ ನೀರಿನ ಮೇಲೆಯೇ ಊಟ, ನಿದ್ದೆ, ಜಗಳ. ಸೀಸನ್ ಶುರುವಾಗುವ ಮೊದಲು ಬೋಟಿಗೆ ಟಾರ್ಚು ತರುವ ಕೆಲಸ ನನ್ನ ತಲೆಗೆ ಬರುತ್ತದೆ. ನಾನು ಪೇಟೆಯಲ್ಲಿರುವವನು, ನಾಲ್ಕು ಅಂಗಡಿ ತಿರುಗಬಲ್ಲೆ ಎಂಬುದು ಒಂದು ಕಾರಣ. ನನಗಾದರೆ ದುಡ್ಡು ಆಮೇಲೆ ಕೊಟ್ಟರೂ ನಡೆಯುತ್ತದೆ ಎಂಬುದು ಇನ್ನೊಂದು.

ಅವರು ಕೇಳುವುದು ಜಾಸ್ತಿ ಏನಲ್ಲ. ಬೇಕೆಂದಾಗ ಉರಿಯಬೇಕು. ಕೈತಪ್ಪಿ ಕಡಲಿಗೆ ಬಿದ್ದರೆ ಹೊಟ್ಟೆ ಉರಿಯುವಷ್ಟು ಬೆಲೆ ಇರಬಾರದು. ಅಷ್ಟೇ. ಆದರೆ ಈ ಎರಡೂ ಇರುವ ಟಾರ್ಚು ಹುಡುಕುವುದೆಂದರೆ ಗಂಡಿಗೆ ಹೆಣ್ಣು ನೋಡಿದ ಹಾಗೆ. ಒಂದಿದ್ದರೆ ಇನ್ನೊಂದಿಲ್ಲ.

ಬೋಟಿನಲ್ಲಿ ದೀಪಕ್ಕೇನೂ ಬರಗಾಲವಿಲ್ಲ. ಇಂಜಿನ್ ಸರಿಯಿದ್ದರೆ ರಾತ್ರಿ ಡೆಕ್ಕಿನ ಮೇಲೆ ಹಗಲೇ. ಬಲೆ ಎಳೆಯುವುದು, ಮೀನು ಬೇರೆ ಮಾಡುವುದು ಎಲ್ಲ ಆ ಬೆಳಕಿನಲ್ಲಿ. ಟಾರ್ಚು ನೆನಪಾಗುವುದು ಆ ಬೆಳಕು ಹೋದಾಗ, ಇಲ್ಲವೇ ಅದು ತಲುಪದ ಮೂಲೆಯಲ್ಲಿ ಏನಾದರೂ ಕೆಟ್ಟಾಗ. ಇಂಜಿನ್ ಕೋಣೆಯಲ್ಲಿ ಬೆಲ್ಟು ತುಂಡಾಗಿದೆ. ತಳದಲ್ಲಿ ನೀರು ಎಷ್ಟು ನಿಂತಿದೆ ನೋಡಬೇಕು. ಬೋಟಿನಡಿಯ ಫ್ಯಾನಿಗೆ, ಅಂದರೆ ಪ್ರೊಪೆಲ್ಲರಿಗೆ, ಬಲೆ ಸಿಕ್ಕಿಕೊಂಡಿದೆ, ಬಗ್ಗಿ ನೋಡಬೇಕು. ಎಲ್ಲ ಒಂದೆರಡು ಮಾರು ದೂರದ ಕೆಲಸ. ಅರ್ಧ ಕಿಲೋಮೀಟರ್ ಹೋಗುವ ಬೆಳಕನ್ನು ಇಂಜಿನ್ ಕೋಣೆಯಲ್ಲಿ ಬಿಟ್ಟರೆ ಅದು ಬಿಳಿ ಪೇಂಟಿಗೆ ಬಡಿದು ನಮ್ಮ ಕಣ್ಣಿಗೇ ಹೊಡೆಯುತ್ತದೆ.

ದಿನಕ್ಕೆ ಕೆಲವು ನಿಮಿಷ ಉರಿದರೆ ಹೆಚ್ಚು. ಉಳಿದ ಹೊತ್ತೆಲ್ಲ ಟಾರ್ಚು ಹಲಗೆಯ ಮೇಲೆ ಸುಮ್ನೆ ಬಿದ್ದಿರುತ್ತದೆ. ಅದು ಹಾಳಾಗುವುದೂ ಆಗಲೇ. ಆದ್ದರಿಂದ ಅಂಗಡಿಯವನ ಹತ್ತಿರ ಇದು ಎಷ್ಟು ದೂರ ಹೊಡೆಯುತ್ತದೆ ಎಂದು ಕೇಳುವ ಬದಲು ಎಷ್ಟು ದಿನ ಕೆಡದೆ ಬಿದ್ದಿರುತ್ತದೆ ಎಂದು ಕೇಳಬೇಕು. ನಾನು ಕೇಳಿದ್ದೇನೆ. ಅವನು ನನ್ನ ಮುಖ ನೋಡಿದ, ಆಮೇಲೆ ಪಕ್ಕದ ಗಿರಾಕಿಯ ಕಡೆ ತಿರುಗಿದ.

ನಮ್ಮ ಅಜ್ಜನ ಹತ್ತಿರ ಹಿತ್ತಾಳೆಯ ಮೂರು ಸೆಲ್ಲಿನ ಟಾರ್ಚಿತ್ತು. ಹಿಂದಿನ ಮುಚ್ಚಳದೊಳಗೆ ಸ್ಪೇರ್ ಬಲ್ಬು ಇಡುವ ಜಾಗ. ಯಕ್ಷಗಾನ ಮುಗಿಸಿ ಗದ್ದೆಯ ಅಂಚಿನಲ್ಲಿ ನಡೆದು ಬರಲು, ನಾಯಿಗೆ ಹೆದರಿಸಲು ಅದಕ್ಕೆ ಸರಿಸಾಟಿ ಇಲ್ಲ. ಆದರೆ ಕಡಲ ಗಾಳಿಗೆ ಅದು ಬೇಗ ಹಸಿರು ಕಿಲುಬು ಹಿಡಿಯುತ್ತದೆ. ಈಗ ಬರುವ ಕಪ್ಪು ಬಣ್ಣದ ಅಲ್ಯುಮಿನಿಯಂ ಟಾರ್ಚುಗಳು ಕೈಯಲ್ಲಿ ಹಿಡಿದರೆ ಪೊಲೀಸರಂತೆ ಅನಿಸುತ್ತದೆ, ನಿಜ. ಆದರೆ ಎರಡು ಬೇರೆ ಬೇರೆ ಲೋಹಗಳು ಮುಟ್ಟಿಕೊಂಡಿರುವ ಕಡೆ ಉಪ್ಪುನೀರು ಸೇರಿದರೆ ಅದೇ ಒಂದು ಸಣ್ಣ ಬ್ಯಾಟರಿ ಆಗಿಬಿಡುತ್ತದೆ. ಮೈ ಅಲ್ಯುಮಿನಿಯಂ, ಸ್ಪ್ರಿಂಗು ಸ್ಟೀಲು ಎಂದಾದರೆ ಸವೆಯುವುದು ಅಲ್ಯುಮಿನಿಯಂ. ಬಿಳಿ ಪುಡಿ ಕಟ್ಟುತ್ತದೆ, ಮುಚ್ಚಳದ ತಿರುಪು ಕಚ್ಚಿಕೊಳ್ಳುತ್ತದೆ. ಆಮೇಲೆ ಸೆಲ್ ಬದಲಾಯಿಸಲು ಇಕ್ಕಳ ಬೇಕು. ಇಕ್ಕಳ ಹುಡುಕಲು ಟಾರ್ಚು ಬೇಕು.

ಈ ವಿಷಯದಲ್ಲಿ ಗೆಲ್ಲುವುದು ಪ್ಲಾಸ್ಟಿಕ್ಕೇ. ನೋಡಲು ಚಂದವಿಲ್ಲ, ಆದರೆ ಉಪ್ಪು ಅದನ್ನೇನೂ ಮಾಡುವುದಿಲ್ಲ. ಒಳಗೆ ಗಾಳಿ ಇರುವ ದಪ್ಪ ಮೈಯದ್ದಾದರೆ ನೀರಿಗೆ ಬಿದ್ದಾಗ ತೇಲಲೂಬಹುದು. ತೇಲುವುದೋ ಇಲ್ಲವೋ ಎಂದು ಸೆಲ್ ಹಾಕಿ ಮನೆಯ ಬಕೆಟ್ಟಿನಲ್ಲೇ ನೋಡಿಬಿಡಬೇಕು.

ಇನ್ನು ಸೆಲ್ಲು. ಅಗ್ಗದ ಕಾರ್ಬನ್ ಸೆಲ್ಲಿನ ಡಬ್ಬಿ ಇದೆಯಲ್ಲ, ಅದು ಬರೀ ಡಬ್ಬಿ ಅಲ್ಲ. ಅದು ಸತು. ಕರೆಂಟು ಕೊಡುತ್ತ ಕೊಡುತ್ತ ಆ ಸತುವೇ ಕರಗುತ್ತ ಹೋಗುತ್ತದೆ. ಕೊನೆಗೆ ಎಲ್ಲೋ ತೂತಾಗಿ ಒಳಗಿನ ಅಂಟು ಹೊರಗೆ ಬರುತ್ತದೆ. ಹೊಟ್ಟೆ ಉಬ್ಬಿದ ಸೆಲ್ಲನ್ನು ಟಾರ್ಚಿನಿಂದ ಹೊರಗೆಳೆಯಲು ನೆಲಕ್ಕೆ ಕುಟ್ಟದವರು ಯಾರಿದ್ದಾರೆ? ಆಲ್ಕಲೈನ್ ಸೆಲ್ ಜಾಸ್ತಿ ದಿನ ಬರುತ್ತದೆ, ಆದರೆ ಮರೆತರೆ ಅದೂ ಸೋರುತ್ತದೆ.

ಮರೆಯಲಿಕ್ಕೆ ನಮ್ಮಲ್ಲಿ ಸರ್ಕಾರವೇ ರಜೆ ಕೊಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟು ದಕ್ಕೆಯಲ್ಲಿ, ಜನ ಮನೆಯಲ್ಲಿ, ಟಾರ್ಚು ಬೋಟಿನ ಯಾವುದೋ ಮೂಲೆಯಲ್ಲಿ. ಹೊರಗೆ ಕರಾವಳಿಯ ಮಳೆ. ಬಟ್ಟೆಯೇ ಒಣಗದ ಆ ಎರಡು ತಿಂಗಳಲ್ಲಿ ಸ್ಪ್ರಿಂಗು ತುಕ್ಕು ಹಿಡಿಯದೆ ಇನ್ನೇನು? ಆಗಸ್ಟಿನಲ್ಲಿ ಬಲೆ, ಡೀಸೆಲ್, ಐಸ್ ಎಂದು ಲಕ್ಷಗಟ್ಟಲೆ ಲೆಕ್ಕ ಹಾಕುವವರ ಕೈಯಲ್ಲಿ ಉರಿಯದ ಟಾರ್ಚು ಇರುತ್ತದೆ.

ಚಾರ್ಜ್ ಮಾಡುವ ಅಗ್ಗದ ಟಾರ್ಚುಗಳಿಗೆ ಈ ರಜೆ ಇನ್ನೂ ಕೆಟ್ಟದ್ದು. ಅವುಗಳಲ್ಲಿ ಹಲವಕ್ಕೆ ಒಳಗಿರುವುದು ಪುಟ್ಟ ಲೆಡ್ ಆಸಿಡ್ ಬ್ಯಾಟರಿ. ಖಾಲಿ ಮಾಡಿ ಹಾಗೇ ಇಟ್ಟರೆ ಅದರ ಪ್ಲೇಟುಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ಆಮೇಲೆ ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಐದು ನಿಮಿಷದ ಬೆಳಕು. ಲಿಥಿಯಂ ಆದರೆ ಪರವಾಗಿಲ್ಲ, ಅದಕ್ಕೆ ಬಿದ್ದಿರುವ ತಾಳ್ಮೆ ಉಂಟು. ನನಗೆ ಅನುಮಾನ ಇರುವುದು ಚಾರ್ಜರ್ ಸಿಕ್ಕಿಸುವ ತೂತಿನ ಮೇಲೆ. ಅದರ ರಬ್ಬರ್ ಮುಚ್ಚಳ ಕಿತ್ತು ಹೋದ ದಿನದಿಂದ ಆ ತೂತು ಉಪ್ಪಿಗೆ ಮೀಸಲು.

ಡಬ್ಬಿಯ ಮೇಲೆ ಐಪಿಎಕ್ಸ್ 4, ಐಪಿಎಕ್ಸ್ 7 ಎಂದೆಲ್ಲ ಬರೆದಿರುತ್ತದೆ. 4 ಎಂದರೆ ನೀರು ಎರಚಿದರೆ ತೊಂದರೆ ಇಲ್ಲ. 7 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿದರೂ ಹಾಳಾಗಬಾರದು. ಬೋಟಿಗೆ 7 ಇದ್ದರೆ ಒಳ್ಳೆಯದು. ಆದರೆ ಈ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ, ಹೊಸ ಟಾರ್ಚಿಗೆ. ಉಪ್ಪಿನ ಮಾತು ಅದರಲ್ಲಿಲ್ಲ. ರಬ್ಬರ್ ರಿಂಗಿಗೆ ಆಗಾಗ ಸ್ವಲ್ಪ ಸಿಲಿಕಾನ್ ಗ್ರೀಸ್ ಸವರಿ, ಬಂದರಿಗೆ ಬಂದಾಗ ಸಿಹಿನೀರಿನಲ್ಲಿ ತೊಳೆದು ಒರೆಸಿದರೆ ಅಗ್ಗದ ಟಾರ್ಚೂ ಬಾಳುತ್ತದೆ. ಇದನ್ನು ಭಾವನಿಗೆ ಹೇಳಿದೆ. "ಹನ್ನೆರಡು ದಿನದ ಮೇಲೆ ಬಂದವರು ಮೊದಲು ಮೈ ತೊಳಿಬೇಕಾ, ಟಾರ್ಚು ತೊಳಿಬೇಕಾ?" ಎಂದರು.

ಮೊಬೈಲಿನಲ್ಲೇ ಟಾರ್ಚು ಉಂಟಲ್ಲ ಎನ್ನುವವರು ಮೀನು ಮುಟ್ಟಿದ ಒದ್ದೆ ಬೆರಳಿನಿಂದ ಒಮ್ಮೆ ಅದನ್ನು ಹಚ್ಚಿ ನೋಡಲಿ.

ನನಗೆ ತುಂಬಾ ಸಿಟ್ಟು ಬರುವುದು ಐದಾರು ಬಗೆಯಲ್ಲಿ ಉರಿಯುವ ಟಾರ್ಚುಗಳ ಮೇಲೆ. ಒಮ್ಮೆ ಒತ್ತಿದರೆ ಜೋರು, ಮತ್ತೆ ಒತ್ತಿದರೆ ಮಂದ, ಮತ್ತೆ ಒತ್ತಿದರೆ ಮದುವೆ ಮನೆಯ ಡಿಸ್ಕೋ. ಆರಿಸಬೇಕಾದರೆ ಈ ಎಲ್ಲವನ್ನೂ ದಾಟಿ ಹೋಗಬೇಕು. ಕಡಲಿನಲ್ಲಿ ಮಿನುಗುವ ದೀಪಕ್ಕೆ ಅರ್ಥವಿದೆ. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭವೂ ಸೇರಿ ಪ್ರತಿ ದೀಪಸ್ತಂಭಕ್ಕೂ ತನ್ನದೇ ಲಯ ಇರುತ್ತದೆ. ಅದನ್ನು ನೋಡಿ ತಾವು ಎಲ್ಲಿದ್ದೇವೆ ಎಂದು ಬೋಟಿನವರು ತಿಳಿಯುತ್ತಾರೆ. ಹಡಗುಗಳ ಡಿಕ್ಕಿ ತಪ್ಪಿಸಲು 1972ರಲ್ಲಿ ಆದ ಅಂತರರಾಷ್ಟ್ರೀಯ ನಿಯಮಗಳಲ್ಲಂತೂ, ಬೇರೆಯವರ ಗಮನ ಸೆಳೆಯಲು ಹೀಗೆ ಪಟಪಟ ಮಿಂಚುವ ಪ್ರಖರ ದೀಪ ಬಳಸಬಾರದು ಎಂದೇ ಇದೆ. ಲೈಫ್‌ಬೋಟಿನಲ್ಲಿ ಇರಬೇಕಾದ ಸಾಮಾನಿನ ಪಟ್ಟಿಯಲ್ಲಿ ಟಾರ್ಚು ಉಂಟು. ಅಲ್ಲಿ ಕೇಳುವುದು ನೀರು ಹೋಗದ, ಮೋರ್ಸ್ ಸಂಕೇತ ಕಳಿಸಲು ಬರುವ ಟಾರ್ಚು, ಜೊತೆಗೆ ನೀರು ಸೇರದ ಡಬ್ಬಿಯಲ್ಲಿ ಒಂದು ಜೊತೆ ಸ್ಪೇರ್ ಸೆಲ್ಲು ಮತ್ತು ಬಲ್ಬು. ಪಟ್ಟಿ ಬರೆದವರಿಗೆ ಕಡಲು ಗೊತ್ತಿತ್ತು.

ರಾತ್ರಿ ಚಕ್ರ ಹಿಡಿದವರ ಕ್ಯಾಬಿನ್ನಿಗೆ ಮಾತ್ರ ಕೆಂಪು ಬೆಳಕು ಒಳ್ಳೆಯದು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಯಾರಾದರೂ ಬಂದು ಬಿಳಿ ಟಾರ್ಚು ಮುಖಕ್ಕೆ ಬಿಟ್ಟರೆ ಅದು ಒಂದೇ ಕ್ಷಣದಲ್ಲಿ ಹಾಳು. ಮಂದ ಕೆಂಪು ಬೆಳಕು ಹಾಗೆ ಮಾಡುವುದಿಲ್ಲ. ಇದಕ್ಕೆ ಬೇರೆ ಟಾರ್ಚು ಕೊಳ್ಳಬೇಕಾಗಿಲ್ಲ, ನಾಟಕದವರು ಲೈಟಿಗೆ ಕಟ್ಟುವ ಕೆಂಪು ಜಿಲೇಟಿನ್ ಕಾಗದದ ತುಂಡು ಸಾಕು. ಒಂದು ತೊಂದರೆ ಏನೆಂದರೆ, ಆ ಬೆಳಕಿನಲ್ಲಿ ಬಿಳಿ ಕಾಗದದ ಮೇಲಿನ ಕೆಂಪು ಪೆನ್ನಿನ ಬರಹ ಕಾಣುವುದಿಲ್ಲ. ಬೋಟಿನಲ್ಲಿ ದುಡಿಯುವ ಕಲಾಸಿಗಳ ಮುಂಗಡದ ಲೆಕ್ಕ ಕೆಂಪಿನಲ್ಲಿ ಬರೆದಿದ್ದರೆ ಅವರಿಗೆ ಅನುಕೂಲವೇ.

ಬೆಳಕಿನ ಮಾತು ಬಂದಾಗ ಲೈಟ್ ಫಿಶಿಂಗ್ ನೆನಪಾಗದೆ ಇರುವುದಿಲ್ಲ. ಪ್ರಖರ ಎಲ್‌ಇಡಿ ಬೆಳಕು ಬಿಟ್ಟು ಮೀನು ಸೆಳೆಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ನಾಡದೋಣಿಯವರಿಗೆ ಅದರ ಮೇಲೆ ಇರುವ ಸಿಟ್ಟು ನ್ಯಾಯವಾದದ್ದೇ. ಕೈಟಾರ್ಚಿಗೆ ಆ ಶಾಪ ತಟ್ಟಿಲ್ಲ.

ನಾನು ಈಗ ತರುವುದು ಹೀಗೆ. 200-300 ರೂಪಾಯಿಯ ಪ್ಲಾಸ್ಟಿಕ್ ಮೈಯ, ಒಂದೇ ಸ್ವಿಚ್ಚಿನ, ಸೆಲ್ ಹಾಕುವ ಎಲ್‌ಇಡಿ ಟಾರ್ಚು ಎರಡು. ಎರಡೂ ಒಂದೇ ಬಗೆಯವು, ಒಂದರ ಸೆಲ್ಲು ಇನ್ನೊಂದಕ್ಕೆ ಆಗಬೇಕು. ಇಂಜಿನ್ ಕೋಣೆಗೆ ಇಳಿಯುವವನಿಗೆ ತಲೆಗೆ ಕಟ್ಟುವ ಹೆಡ್‌ಲೈಟು ಒಂದು, ಯಾಕೆಂದರೆ ಸ್ಪ್ಯಾನರ್ ಹಿಡಿದವನಿಗೆ ಮೂರನೆಯ ಕೈ ಇಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸ್ಪೇರ್ ಸೆಲ್ಲು. ಹಳೆ ಸೆಲ್ ಒಂದು, ಹೊಸದು ಒಂದು ಹಾಕಬಾರದು ಎಂಬ ಉಪದೇಶ ಉಚಿತ. ಮಣಿಕಟ್ಟಿಗೆ ಸಿಕ್ಕಿಸಲು ದಾರ ನಾನು ತರುವುದಿಲ್ಲ, ಬಲೆ ಹೆಣೆಯುವ ನೈಲಾನ್ ಹುರಿ ಬೋಟಿನಲ್ಲೇ ಬೇಕಾದಷ್ಟಿದೆ. ಮೇ ಕೊನೆಗೆ ಬೋಟು ಕಟ್ಟಿದ ಕೂಡಲೇ ಸೆಲ್ ತೆಗೆದು ಟಾರ್ಚನ್ನು ಮನೆಗೆ ತರುವುದು ಅಕ್ಕನ ಜವಾಬ್ದಾರಿ. ಅವಳು ಮರೆಯುವುದಿಲ್ಲ.

ಇಷ್ಟಾದರೂ ತೀರ್ಮಾನವಾಗದ್ದು ಒಂದಿದೆ. ಟಾರ್ಚನ್ನು ಬೋಟಿನಲ್ಲಿ ಎಲ್ಲಿಡುವುದು? ಚಕ್ರದ ಪಕ್ಕದ ಮೊಳೆಯೇ ಅದರ ಜಾಗ ಎಂದು ಭಾವ. ಕತ್ತಲೆಯಲ್ಲಿ ಕೈ ಚಾಚಿದರೆ ಸಿಗಬೇಕು, ಸರಿಯಾದ ಮಾತು. ಆದರೆ ಅನ್ನ ಬೆಂದಿದೆಯೋ ನೋಡಲು ಅಡುಗೆಯ ಹುಡುಗ ಅದನ್ನೇ ಒಯ್ಯುತ್ತಾನೆ, ವಾಪಸು ತರುವುದಿಲ್ಲ. ಅವನಿಗೂ ಒಂದು ಹೆಡ್‌ಲೈಟು ಕೊಡಿಸೋಣ ಎಂದೆ.

"ಅದನ್ನು ಹಚ್ಚಿಕೊಂಡೇ ಮಲಗಿದ್ರೆ ಸೆಲ್ಲಿನ ದುಡ್ಡು ಯಾರು ಕೊಡ್ತಾರೆ, ನೀನಾ?" ಎಂದು ಭಾವ ಕೇಳಿದರು.