ಹಣ ಪಡೆದು ಬೇರೆಯವರಿಗೆ ಮತ ಹಾಕಿದರೆ ತಪ್ಪಲ್ಲವೇ?

ಚುನಾವಣೆ ಬಂತೆಂದರೆ ಹಾಸನ, ಸಕಲೇಶಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತದೆ: "ಆಮಿಷ ಒಡ್ಡಿದವನಿಗಷ್ಟೇ ಶಿಕ್ಷೆ. ಹಣ ತೆಗೆದುಕೊಳ್ಳಿ, ಮತ ಮನಸ್ಸಿಗೆ ಬಂದವರಿಗೆ ಹಾಕಿ."

ಸತ್ಯಾಂಶ: ಇದು ಸುಳ್ಳು. ಭಾರತೀಯ ನ್ಯಾಯ ಸಂಹಿತೆಯ 170ನೇ ಸೆಕ್ಷನ್ ಪ್ರಕಾರ ಮತಕ್ಕಾಗಿ ಕೊಡುವುದೂ ಪಡೆಯುವುದೂ ಲಂಚವೇ. ಪಡೆಯಲು ಒಪ್ಪಿದರೂ ಸಾಕು. "ಅವರಿಗೆ ಮತ ಹಾಕುವ ಉದ್ದೇಶವೇ ನನಗಿರಲಿಲ್ಲ" ಎಂಬ ಜಾಣತನಕ್ಕೂ ಕಾನೂನು ಮೊದಲೇ ಬೇಲಿ ಹಾಕಿದೆ; ಆಗಲೂ ಅದು ಲಂಚ ಪಡೆದಂತೆಯೇ. 1 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಬಾಡೂಟ, ಮದ್ಯದ ಉಪಚಾರಕ್ಕಾದರೆ ದಂಡವಷ್ಟೇ (ಊಟಪ್ರಿಯರಿಗೆ ಅಷ್ಟರಮಟ್ಟಿಗೆ ಸಮಾಧಾನ). ಇದು 2024ರಲ್ಲಿ ಈ ಸಂಹಿತೆ ಜಾರಿಗೆ ಬಂದಾಗ ಹುಟ್ಟಿದ ನಿಯಮವೂ ಅಲ್ಲ, ಅದಕ್ಕೂ ಮೊದಲಿದ್ದ ಭಾರತೀಯ ದಂಡ ಸಂಹಿತೆಯಲ್ಲೂ (ಐಪಿಸಿ) ಇತ್ತು. ಹಣ ಹಂಚುವುದು ಕಂಡರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.