ಓಟ ಮುಗಿದ ಕುದುರೆಯ ಖರ್ಚು ಯಾರ ಖಾತೆಗೆ?

ಓಟದ ಕುದುರೆ ಎರಡನೆಯ ವಯಸ್ಸಿಗೆ ಮೈದಾನಕ್ಕಿಳಿದು ಸಾಮಾನ್ಯವಾಗಿ ಐದಾರು ವರ್ಷ ತುಂಬುವಷ್ಟರಲ್ಲಿ ಹೊರಬೀಳುತ್ತದೆ. ಚೆನ್ನಾಗಿ ಸಾಕಿದರೆ ಅದು ಇಪ್ಪತ್ತೈದು ವರ್ಷಕ್ಕೂ ಮೀರಿ ಬದುಕುತ್ತದೆ. ನಡುವಿನ ಈ ಇಪ್ಪತ್ತು ವರ್ಷ ಅದಕ್ಕೆ ಮೇವು ಹಾಕುವವರು ಯಾರು ಎಂಬ ಪ್ರಶ್ನೆಗೆ ನಾನೀಗ ನೆಲೆಸಿರುವ ಇಂಗ್ಲೆಂಡಿನ ಸಫೋಕ್ ಸೀಮೆಯಲ್ಲಿ ಒಂದು ಉತ್ತರವಿದೆ, ಹುಟ್ಟೂರು ರಾಯಚೂರಿನಲ್ಲಿ ಮತ್ತೊಂದು. ದಯೆ ಎರಡೂ ಕಡೆ ಇದೆ, ಕ್ರೌರ್ಯವೂ ಇದೆ; ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದರಲ್ಲಿ ಮಾತ್ರ ಅಜಗಜಾಂತರವಿದೆ.

ಬ್ರಿಟನ್ನಿನ ಕುದುರೆ ಓಟದ ತವರಾದ ನ್ಯೂಮಾರ್ಕೆಟ್ಟಿನ ವಸ್ತುಸಂಗ್ರಹಾಲಯಕ್ಕೆ ಹೊಂದಿಕೊಂಡೇ ಒಂದು ಲಾಯವಿದೆ. ಓಟ ಬಿಟ್ಟ ಕುದುರೆಗಳಿಗೆ ಅಲ್ಲಿ ಹೊಸ ಪಾಠ ಕಲಿಸುವುದನ್ನು ಟಿಕೆಟ್ ಕೊಂಡು ಒಳಗೆ ಹೋದ ಯಾರು ಬೇಕಾದರೂ ನೋಡಬಹುದು. ಪಾಠ ಕಲಿಸುವುದೆಂದರೆ ಕೇಳುವವರಿಗೆ ನಗು ಬರಬಹುದಾದರೂ ಆ ಪ್ರಾಣಿಗೆ ಅದು ಸಣ್ಣ ಕೆಲಸವಲ್ಲ. ಸವಾರ ಹತ್ತುವಾಗ ಅಲುಗಾಡದೆ ನಿಲ್ಲುವುದು, ಪಕ್ಕದಲ್ಲಿ ಇನ್ನೊಂದು ಕುದುರೆ ಓಡಿದರೂ ತಾನು ನಡೆಯುವುದು, ಲಗಾಮು ಬಿಗಿದರೆ ವೇಗ ತಗ್ಗಿಸುವುದು, ದಿನವಿಡೀ ಬಯಲಿನಲ್ಲಿ ಮೇಯುವುದು, ಇವೆಲ್ಲವೂ ಚಿಕ್ಕಂದಿನಿಂದ ಲಾಯ ಮತ್ತು ಮೈದಾನಗಳ ನಡುವೆಯೇ ಬೆಳೆದ, ಹೊಟ್ಟೆ ತುಂಬ ಕಾಳು ತಿಂದು ಮೈಯೆಲ್ಲ ಬಿಸಿಯಾಗಿರುವ ಕುದುರೆಗೆ ಅಪರಿಚಿತ. ಮೊದಲು ಕಾಳು ಕಡಿಮೆ ಮಾಡಿ, ಒಣಹುಲ್ಲು ಹೆಚ್ಚಿಸಿ, ಕಾಲಿನ ನರ, ಕೀಲುಗಳ ಹಳೆಯ ನೋವು ಮಾಗುವವರೆಗೆ ತಿಂಗಳುಗಟ್ಟಲೆ ಸುಮ್ಮನೆ ಬಿಡಬೇಕಾಗುತ್ತದೆ. ಆಮೇಲೆ ತರಬೇತಿ, ಅದಾದ ಮೇಲೆ ಹೊಸ ಮನೆ. ಈ ಕೆಲಸಕ್ಕೆಂದೇ 2000ದಲ್ಲಿ ಅಲ್ಲಿನ ಓಟದ ಉದ್ಯಮ ಒಂದು ದತ್ತಿ ಸಂಸ್ಥೆಯನ್ನು ಹುಟ್ಟುಹಾಕಿತು. ಓಟದಿಂದ ಬಂದ ಹಣದ ಒಂದು ಪಾಲು ಓಟ ಮುಗಿಸಿದ ಕುದುರೆಗೆ ಸಲ್ಲಬೇಕೆಂಬುದನ್ನು ಅಲ್ಲಿ ಯಾರೂ ಉಪಕಾರವೆಂದು ಹೇಳಿಕೊಳ್ಳುವುದಿಲ್ಲ.

ಹೀಗೆಂದ ಮಾತ್ರಕ್ಕೆ ಇಂಗ್ಲೆಂಡ್ ಕುದುರೆಗಳ ಸ್ವರ್ಗವೆಂದು ಭಾವಿಸಬೇಕಾಗಿಲ್ಲ. 2021ರಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮವು ಓಟದ ಕುದುರೆಗಳು ಕಸಾಯಿಖಾನೆ ಸೇರುತ್ತಿದ್ದುದನ್ನು ತೋರಿಸಿದಾಗ ಬೆಚ್ಚಿದವರಲ್ಲಿ ನ್ಯೂಮಾರ್ಕೆಟ್ಟಿನವರೂ ಇದ್ದರು. ಮರುವರ್ಷದಿಂದ ಬ್ರಿಟನ್ನಿನ ಮೈದಾನದಲ್ಲಿ ಓಡುವ ಪ್ರತಿ ಕುದುರೆಯ ಗುರುತಿನ ಪುಸ್ತಕವಾದ ಪಾಸ್‌ಪೋರ್ಟಿನಲ್ಲಿಯೂ ಇದು ಮನುಷ್ಯರ ಆಹಾರಕ್ಕಲ್ಲ ಎಂಬ ನಮೂದು ಕಡ್ಡಾಯವಾಯಿತು. ಕುದುರೆಗೆ ಪಾಸ್‌ಪೋರ್ಟು, ಕತ್ತಿನ ಚರ್ಮದಡಿ ಗುರುತಿನ ಮೈಕ್ರೋಚಿಪ್ ಇರುವ ವ್ಯವಸ್ಥೆ ಮೊದಲೇ ಇದ್ದುದರಿಂದ ಈ ನಿಯಮವನ್ನು ಜಾರಿಗೆ ತರುವುದು ಸಾಧ್ಯವಾಯಿತು. ಗೆದ್ದು ಹೆಸರು ಮಾಡಿದ ಕುದುರೆಗೂ ಹೆಸರೊಂದೇ ರಕ್ಷೆಯಾಗದು. 1986ರಲ್ಲಿ ಅಮೆರಿಕದ ಕೆಂಟಕಿ ಡರ್ಬಿ ಗೆದ್ದ ಫರ್ಡಿನೆಂಡ್ ತಳಿ ಸಂವರ್ಧನೆಗೆಂದು ಜಪಾನಿಗೆ ಮಾರಾಟವಾಗಿ, ಅಲ್ಲಿ ಬೇಡಿಕೆ ಕುಗ್ಗಿದ ಮೇಲೆ 2002ರಲ್ಲಿ ಕಸಾಯಿಖಾನೆ ಸೇರಿತು.

ಇನ್ನು ನಮ್ಮ ಕಡೆಗೆ ಬರೋಣ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ರೇಸ್‌ಕೋರ್ಸ್ ಇಲ್ಲ. ರಾಯಚೂರಿನವರಿಗೆ ಹತ್ತಿರದ್ದೆಂದರೆ ಹೈದರಾಬಾದಿನ ಮಲಕಪೇಟೆ, ಅದು ಬಿಟ್ಟರೆ ಬೆಂಗಳೂರು, ಮೈಸೂರು. ಹಾಗಾಗಿ ಓಟದ ಕುದುರೆಯ ಸಂಗತಿ ನಮಗೇಕೆ ಎಂದು ಯಾರಾದರೂ ಕೇಳಬಹುದು. ಓಟದ ವೈಭವ ನಮ್ಮೂರಿಗೆ ಬರುವುದಿಲ್ಲ, ನಿಜ; ಆದರೆ ಓಟ ಮುಗಿಸಿದ ಕುದುರೆ ಎಲ್ಲಿಗೆ ಬೇಕಾದರೂ ಬರಬಹುದು. ಒಳ್ಳೆಯ ವಂಶದ ಹೆಣ್ಣುಕುದುರೆಗೆ ಮರಿ ಹಾಕಿಸುವ ಫಾರಂಗಳಲ್ಲಿ ಜಾಗವಿದೆ. ಬೀಜ ಒಡೆಸಿದ ಗಂಡುಕುದುರೆಗೆ ಅದೂ ಇಲ್ಲ. ಅದೃಷ್ಟವಿದ್ದರೆ ಅದು ಪೊಲೀಸ್ ಅಶ್ವದಳಕ್ಕೋ ಸವಾರಿ ಶಾಲೆಗೋ ಹೋಗುತ್ತದೆ. ಇಲ್ಲವಾದರೆ ಕೈಯಿಂದ ಕೈಗೆ ಮಾರಾಟವಾಗುತ್ತ, ಪ್ರತಿ ಮಾರಾಟಕ್ಕೂ ಬೆಲೆ ಇಳಿಯುತ್ತ, ಪ್ರವಾಸಿ ತಾಣದ ಸವಾರಿಗೋ ಮದುವೆ ಮೆರವಣಿಗೆಗೋ ಬಂದು ನಿಲ್ಲುತ್ತದೆ. ಪುಣೆಯಲ್ಲಿರುವ ಭಾರತೀಯ ಸ್ಟಡ್ ಬುಕ್ ಪ್ರಾಧಿಕಾರದಲ್ಲಿ ಆ ಕುದುರೆಯ ತಂದೆ, ತಾಯಿ, ಹುಟ್ಟಿದ ದಿನ ಎಲ್ಲವೂ ದಾಖಲಾಗಿರುತ್ತವೆ. ಏಳು ತಲೆಮಾರಿನ ವಂಶಾವಳಿಯನ್ನು ತಪ್ಪಿಲ್ಲದೆ ಬರೆದಿಡುವ ನಾವು, ಓಟ ಬಿಟ್ಟ ಮೇಲೆ ಅದೇ ಕುದುರೆ ಯಾವ ಊರಿನಲ್ಲಿ ಯಾರ ಹತ್ತಿರ ಇದೆಯೆಂದು ಬರೆದಿಡುವ ಗೋಜಿಗೆ ಹೋಗುವುದಿಲ್ಲ.

ಕೊನೆಗೆ ಹೊರೆ ಬೀಳುವುದು ಈ ಸರಪಣಿಯಲ್ಲಿ ಎಲ್ಲರಿಗಿಂತ ಬಡವನಾದ ಮದುವೆ ಕುದುರೆಯವನ ಮೇಲೆ. ಐನೂರು ಕಿಲೋ ತೂಗುವ ಕುದುರೆಗೆ ದಿನಕ್ಕೆ ಎಂಟು ಹತ್ತು ಕಿಲೋ ಒಣಮೇವು ಬೇಕು. ಬೇಸಿಗೆಯಲ್ಲಿ, ಅದೂ ರಾಯಚೂರಿನ ಬೇಸಿಗೆಯಲ್ಲಿ, ಕೊಡಗಟ್ಟಲೆ ನೀರು ಬೇಕು. ಒಂದೂವರೆ ಎರಡು ತಿಂಗಳಿಗೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟಿಸಬೇಕು, ವರ್ಷಕ್ಕೊಮ್ಮೆಯಾದರೂ ಹಲ್ಲನ್ನು ಅರದಿಂದ ಉಜ್ಜಿಸಬೇಕು. ಜಟಕಾಗಳು ಹೋಗಿ ಆಟೋಗಳು ಬಂದ ಮೇಲೆ ಲಾಳ ಕಟ್ಟುವ ನಾಲಬಂದರನ್ನು ಊರೂರು ಹುಡುಕಬೇಕಾಗಿದೆ. ತುಂಗಭದ್ರೆಯ ಕಾಲುವೆಯಿಂದಾಗಿ ಭತ್ತದ ಹುಲ್ಲು ಸುಲಭವಾಗಿ ಸಿಗುತ್ತದೆಯಾದರೂ ಅದರಲ್ಲಿ ಕುದುರೆಗೆ ಬೇಕಾದ ಕಸುವಿಲ್ಲ; ಜೋಳದ ಕಣಿಕೆ, ಹುರುಳಿ, ಕುದುರೆಮೆಂತೆ ಎಲ್ಲಕ್ಕೂ ದುಡ್ಡು ಬೇಕು. ದುಡಿಮೆಯೋ ಮುಹೂರ್ತಗಳಿಗೆ ಕಟ್ಟುಬಿದ್ದದ್ದು. “ಆಷಾಢದಾಗ ಮದುವಿ ಇರಂಗಿಲ್ರೀ, ಆದ್ರ ಕುದುರಿಗಿ ಹಸಿವು ಇರ್ತದಲ್ರೀ ಅಣ್ಣಾರ” ಎಂದು ನಮ್ಮೂರಿನ ಕುದುರೆಯವರೊಬ್ಬರು ನನಗೆ ಹೇಳಿದ್ದರು. ಅಂಥ ತಿಂಗಳುಗಳಲ್ಲಿ ರಸ್ತೆಗೆ ಬಿಟ್ಟ ಕುದುರೆ ಪ್ಲಾಸ್ಟಿಕ್ ತಿಂದು ಹೊಟ್ಟೆಶೂಲೆಯಿಂದ ಸತ್ತರೆ ನಾವು ಬೈಯುವುದು ಅವರನ್ನೇ. ಬೆಲೆಯಿದ್ದಾಗ ಅದರ ಬೆನ್ನ ಮೇಲೆ ಹಣ ಹೂಡಿದವರನ್ನು ಯಾರೂ ಕೇಳುವುದಿಲ್ಲ. ಡಿ.ಜೆ. ಸದ್ದು, ಪಟಾಕಿ, ಕಣ್ಣಿಗೆ ಹೊಡೆಯುವ ದೀಪಗಳ ನಡುವೆ ಅದನ್ನು ನಿಲ್ಲಿಸಿ ಕುಣಿಸುವ ನಾವೂ ಈ ಪ್ರಶ್ನೆಯಿಂದ ಪೂರ್ತಿ ತಪ್ಪಿಸಿಕೊಳ್ಳಲಾರೆವು.

ಕಾನೂನು ಇಲ್ಲವೆಂದಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ನಿನ ಪ್ರಕಾರ ಅಪರಾಧ. ಮೊದಲ ಬಾರಿಯ ತಪ್ಪಿಗೆ ಅದು ವಿಧಿಸುವ ದಂಡ 10 ರೂಪಾಯಿಯಿಂದ 50 ರೂಪಾಯಿ!

ಈ ಕುದುರೆಗಳ ಋಣ ನಮ್ಮ ಜಿಲ್ಲೆಗಳ ಮೇಲೆ ಇನ್ನೊಂದು ಬಗೆಯಲ್ಲಿ ಇದೆ. ಸಿಂಧನೂರು, ಗಂಗಾವತಿಯ ಗದ್ದೆಗಳಲ್ಲಿ ಹಾವು ಕಚ್ಚಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ತಯಾರಾಗುವುದು ಕುದುರೆ, ಹೇಸರಗತ್ತೆಗಳ ರಕ್ತದಿಂದ. ನಾಗರ, ಕೊಳಕುಮಂಡಲಗಳಂಥ ಹಾವುಗಳ ವಿಷವನ್ನು ಅಲ್ಪ ಪ್ರಮಾಣದಲ್ಲಿ ಮತ್ತೆ ಮತ್ತೆ ಚುಚ್ಚಿ, ಅವುಗಳ ಮೈಯಲ್ಲಿ ಹುಟ್ಟಿದ ಪ್ರತಿವಿಷವನ್ನು ಬೇರ್ಪಡಿಸಿ ತೆಗೆಯುತ್ತಾರೆ. ಓಟ ಬಿಟ್ಟ ಕುದುರೆಗಳೂ ಈ ಕೆಲಸಕ್ಕೆ ಹೋಗುವುದುಂಟು. ಆ ಲಾಯಗಳಿಗೂ ಕಟ್ಟುನಿಟ್ಟಾದ ತಪಾಸಣೆ ಬೇಕು.

ಕುದುರೆಗಾಗಿ ಖರ್ಚು ಮಾಡುವುದು ಈ ನೆಲಕ್ಕೆ ಹೊಸದಲ್ಲ. ಕೃಷ್ಣದೇವರಾಯ ಗೋವೆಯಲ್ಲಿ ಕುದುರೆ ಕೊಳ್ಳಲು 40,000 ಪರ್ದಾವ್ ಎಂಬ ಚಿನ್ನದ ನಾಣ್ಯ ಕೊಟ್ಟು ಕಳಿಸಿದ ವ್ಯಾಪಾರಿ ಹಣದೊಂದಿಗೆ ಆದಿಲ್‌ಶಾಹಿಯ ಆಶ್ರಯಕ್ಕೆ ಓಡಿಹೋದದ್ದೇ 1520ರ ರಾಯಚೂರು ಯುದ್ಧಕ್ಕೆ ನೆಪವಾಯಿತೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅವನಿಗೂ ಮೊದಲು ವಿಜಯನಗರವನ್ನು ಆಳಿದ ಸಾಳುವ ನರಸಿಂಹನಂತೂ ಸಮುದ್ರದಲ್ಲೇ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ್ದ ಕುದುರೆಗೆ ಕೊಡುವಷ್ಟೇ ಬೆಲೆ ಕೊಡುತ್ತಿದ್ದನಂತೆ. ಯುದ್ಧಕ್ಕೆ ಕುದುರೆ ಬೇಕಾಗಿದ್ದುದರಿಂದ ಹಾಗೆ ಮಾಡಿದ, ಕರುಣೆಯಿಂದಲ್ಲ ಎನ್ನಬಹುದು. ಆದರೂ ಕುದುರೆಯ ನಷ್ಟವನ್ನು ಅದರಿಂದ ಲಾಭ ಪಡೆಯುವವನೇ ಹೊತ್ತುಕೊಳ್ಳುವ ಆ ಲೆಕ್ಕಾಚಾರ ಇಂದಿನ ರೇಸ್ ಕ್ಲಬ್ಬುಗಳಿಗೂ ಒಪ್ಪುವಂಥದ್ದು.

ಪಣದ ಪೂರ್ಣ ಮೊತ್ತದ ಮೇಲೆ ಜಿಎಸ್‌ಟಿ ಬಿದ್ದು ಕ್ಲಬ್ಬುಗಳು ಸೊರಗಿವೆ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬಹುಮಾನದ ಹಣದಲ್ಲಿ ಮತ್ತು ಮಾಲೀಕರು ಕಟ್ಟುವ ಪ್ರವೇಶ ಶುಲ್ಕದಲ್ಲಿ ಸಣ್ಣದೊಂದು ಪಾಲನ್ನು ಮೊದಲೇ ಮುರಿದುಕೊಂಡರೆ ಸರ್ಕಾರದ ಬೊಕ್ಕಸಕ್ಕೆ ಕೈಹಾಕಬೇಕಾಗಿಲ್ಲ. ಆ ಹಣ ಕುದುರೆಯನ್ನು ಹಿಂಬಾಲಿಸಿ ಹೋಗಬೇಕು: ಅದು ಸವಾರಿ ಶಾಲೆಯಲ್ಲಿದ್ದರೆ ಅಲ್ಲಿಗೆ, ರಾಯಚೂರಿನ ಮದುವೆ ಕುದುರೆಯವರ ಹತ್ತಿರವಿದ್ದರೆ ಅವರ ಮನೆಬಾಗಿಲಿಗೆ, ಮೇವು ಮತ್ತು ಲಾಳದ ರೂಪದಲ್ಲಿ. ಪ್ರತಿ ಮಾರಾಟವೂ ಸ್ಟಡ್ ಬುಕ್ಕಿನ ದಾಖಲೆಗೆ ಸೇರುವಂತಾಗಬೇಕು. ಮನುಷ್ಯರಿಗೂ ಹರಡಬಲ್ಲ ಗ್ಲಾಂಡರ್ಸ್ ರೋಗ ಕಂಡಾಗ ಕುದುರೆ ಎಲ್ಲಿಂದ ಬಂತೆಂದು ಪತ್ತೆ ಹಚ್ಚುವುದಕ್ಕೂ ಅದೇ ದಾಖಲೆ ನೆರವಾಗುತ್ತದೆ. ಜಿಲ್ಲಾ ಪಶು ಆಸ್ಪತ್ರೆಗಳಲ್ಲಿ ಮೈಕ್ರೋಚಿಪ್ ಓದುವ ಯಂತ್ರವೊಂದಿದ್ದು, ಬೀದಿಯಲ್ಲಿ ಸಿಕ್ಕ ಕುದುರೆಯ ಕತ್ತಿಗೆ ಅದನ್ನು ಹಿಡಿದ ವೈದ್ಯರು ಅದರ ಮೊದಲ ಮಾಲೀಕರಿಗೂ ಕ್ಲಬ್ಬಿಗೂ ಅಂದೇ ನೋಟಿಸು ಕಳಿಸುವ ಅಧಿಕಾರ ಪಡೆದರೆ, ಮುಂದಿನ ಆಷಾಢದಲ್ಲಿ ಆ ಕುದುರೆಯ ಮೇವಿನ ಚೀಟಿ ಯಾರ ಹೆಸರಿಗೆ ಹೋಗಬೇಕೆಂಬುದು ತಾನಾಗಿಯೇ ಇತ್ಯರ್ಥವಾಗುತ್ತದೆ.